ಬಿಸಿಯಾದ ಮೇಲೆ ಸ್ಟಾರ್ಟ್ ಆಗದ ಹಳೇ ಪಿಕಪ್: ಪಂಪು ಬಿಚ್ಚಿಸುವ ಮೊದಲು ಇಷ್ಟು ನೋಡಿ

ಬೆಳಗಿನ ಜಾವ ತಣ್ಣಗಿರುವಾಗ ಕೀ ತಿರುಗಿಸಿದ ತಕ್ಷಣ ಗಾಡಿ ಸ್ಟಾರ್ಟ್. ಲೋಡು ಹೊತ್ತು ಮಂಡಿಗೆ ಬಂದು, ಆಫ್ ಮಾಡಿ, ಒಂದು ಟೀ ಕುಡಿದು ಬಂದು ಮತ್ತೆ ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತೆ, ಇಂಜಿನ್ ಹಿಡಿಯಲ್ಲ. ಮುಕ್ಕಾಲು ಗಂಟೆ ಸುಮ್ಮನೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟ್ ಆಗುತ್ತೆ.

ಹಳೇ ಡೀಸೆಲ್ ಪಿಕಪ್ ಓಡಿಸುವ ನಮ್ಮಂಥವರಿಗೆ ಈ ಕಾಯಿಲೆ ಹೊಸದಲ್ಲ. ಇದರ ದೊಡ್ಡ ತೊಂದರೆ ಏನಂದ್ರೆ, ಮೆಕ್ಯಾನಿಕ್ ಹತ್ತಿರ ತೋರಿಸುವ ಹೊತ್ತಿಗೆ ಗಾಡಿ ತಣ್ಣಗಾಗಿ ಸರಿಯಾಗೇ ಇರುತ್ತೆ. ಆಮೇಲೆ ಎಲ್ಲರೂ ಊಹೆ ಮೇಲೆ ಒಂದೊಂದೇ ಸಾಮಾನು ಬದಲಾಯಿಸ್ತಾರೆ, ದುಡ್ಡು ನಮ್ಮ ಜೇಬಿಂದ ಹೋಗುತ್ತೆ. ನಾನು ಹಾಗೇ ಕಳೆದುಕೊಂಡೆ. ಇನ್ನು ಸ್ವಲ್ಪದರಲ್ಲಿ ಗಾಡಿಯನ್ನೇ ಮಾರಿಬಿಡುತ್ತಿದ್ದೆವು. ಕೊನೆಗೆ ಸಿಕ್ಕ ಕಾರಣ ಒಂದು ವೈರಿನ ಜಾಯಿಂಟ್. ಅದನ್ನು ಹಾಕಿದವನೂ ನಾನೇ. ಅದು ಹೇಗೆ ಸಿಕ್ಕಿತು, ನಿಮ್ಮ ಗಾಡಿಯಲ್ಲಿ ನೀವು ಹೇಗೆ ಹುಡುಕಬಹುದು ಅನ್ನೋದನ್ನ ಕ್ರಮವಾಗಿ ಹೇಳ್ತೀನಿ.

ಮಂಡಿ ಗೇಟಿನ ಮುಂದೆ ನಿಂತ ಗಾಡಿ

ನಮ್ಮದು ಶ್ರೀನಿವಾಸಪುರ ತಾಲ್ಲೂಕು. ಟೊಮೆಟೊ ಬೆಳೀತೀವಿ. ಕೋಲಾರದ ಎಪಿಎಂಸಿಗೆ ನಮ್ಮೂರಿಂದ 35 ಕಿಲೋಮೀಟರ್. ಗಾಡಿ 2011ರದ್ದು, ಅಪ್ಪ ಸಾಲ ಮಾಡಿ ತಗೊಂಡು, ಕಂತು ತೀರಿಸಿ ಎಷ್ಟೋ ವರ್ಷ ಆಯ್ತು. ಹಳೇ ಮಾದರಿಯ ಡೀಸೆಲ್ ಪಂಪು ಇರೋ ಇಂಜಿನ್. ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ.

ಜೂನ್ ತಿಂಗಳ ಒಂದು ದಿನ 80 ಬಾಕ್ಸ್ ಹಾಕಿಕೊಂಡು ಹೋಗಿದ್ದೆ. ಒಂದು ಬಾಕ್ಸಿಗೆ 15 ಕಿಲೋ ಅಂದ್ರೆ 12 ಕ್ವಿಂಟಾಲ್ ಲೋಡು. ಗೇಟಿನ ಮುಂದೆ ಗಾಡಿಗಳ ಸಾಲು. ಡೀಸೆಲ್ ಯಾಕೆ ಸುಡೋದು ಅಂತ ಆಫ್ ಮಾಡಿದೆ. ಕಾಲು ಗಂಟೆ ಆದ ಮೇಲೆ ಸಾಲು ಮುಂದೆ ಹೋಯ್ತು, ನನ್ನ ಗಾಡಿ ಹೋಗಲಿಲ್ಲ. ಸೆಲ್ಫ್ ಗರಗರ ತಿರುಗ್ತಿದೆ, ಇಂಜಿನ್ ಉಸಿರೇ ಎತ್ತಲಿಲ್ಲ. ಹಿಂದಿನವರ ಹಾರನ್ನು, ಬೈಗುಳ ಎರಡೂ ಶುರುವಾಯ್ತು. ಏಳೆಂಟು ಜನ ಸೇರಿ ತಳ್ಳಿದರು. ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ, ಆಗಲೂ ಹಿಡಿಯಲಿಲ್ಲ. ಪಕ್ಕಕ್ಕೆ ತಳ್ಳಿ ನಿಲ್ಲಿಸಿದೆವು. ನನ್ನ ಜೊತೆ ಬಂದಿದ್ದ ಚಿಕ್ಕಪ್ಪನ ಮಗ ತಮಾಷೆಗೆ ಇದನ್ನೆಲ್ಲ ಮೊಬೈಲಲ್ಲಿ ವಿಡಿಯೋ ತೆಗೆದ. ಆ ವಿಡಿಯೋನೇ ಆಮೇಲೆ ನಮ್ಮನ್ನು ಉಳಿಸಿದ್ದು, ಅದಕ್ಕೆ ಬರ್ತೀನಿ.

ಮಾಲು ಮಂಡಿ ಒಳಗೆ ಹೋಗುವಷ್ಟರಲ್ಲಿ ಹರಾಜು ಮುಗಿಯೋ ಹಂತಕ್ಕೆ ಬಂದಿತ್ತು. ಬಾಕ್ಸಿಗೆ 60 ರೂಪಾಯಿ ಕಡಿಮೆ ಬಿತ್ತು. 80 ಬಾಕ್ಸಿಗೆ 4,800 ರೂಪಾಯಿ ಒಂದೇ ಬೆಳಿಗ್ಗೆ ಹೋಯ್ತು.

ಆಮೇಲಿಂದ ಆಫ್ ಮಾಡೋದನ್ನೇ ಬಿಟ್ಟೆ. ಬಾಕ್ಸ್ ಇಳಿಸುವಾಗ, ಗೊಬ್ಬರದ ಅಂಗಡಿ ಮುಂದೆ, ಊಟ ಮಾಡುವಾಗ ಎಲ್ಲ ಕಡೆ ಇಂಜಿನ್ ಓಡ್ತಾನೇ ಇರೋದು. ನಿಮ್ಮಲ್ಲೂ ಹೀಗೆ ಮಾಡುವವರು ಇರಬಹುದು. ಡೀಸೆಲ್ ಸುಮ್ಮನೆ ಉರಿಯುತ್ತೆ, ಡ್ರೈವರ್ ಇಲ್ಲದೆ ಇಂಜಿನ್ ಓಡುವ ಗಾಡಿ ಅಪಾಯ ಕೂಡ.

ಊಹೆ ಮೇಲೆ ಬದಲಾಯಿಸಿದ್ದು

ಮೊದಲು ಬ್ಯಾಟರಿ ಬದಲಾಯಿಸಿದೆ. 6,500 ರೂಪಾಯಿ. ಈಗ ಯೋಚನೆ ಮಾಡಿದರೆ ನಗು ಬರುತ್ತೆ. ಸೆಲ್ಫ್ ಜೋರಾಗಿ ತಿರುಗ್ತಿದ್ದಾಗ ಬ್ಯಾಟರಿ ಮೇಲೆ ಅನುಮಾನ ಯಾಕೆ ಬರಬೇಕಿತ್ತು? "ಸ್ಟಾರ್ಟ್ ಆಗ್ತಿಲ್ಲ ಅಂದ್ರೆ ಬ್ಯಾಟರಿ" ಅಂತ ಯಾರೋ ಹೇಳಿದರು, ನಾನು ಕೇಳಿದೆ. ಆಮೇಲೆ ಡೀಸೆಲ್ ಫಿಲ್ಟರ್ ಹಾಕಿಸಿದೆ. ಅದು ಹೇಗೂ ಹಾಕಿಸಬೇಕಿತ್ತು, ಬೇಜಾರಿಲ್ಲ. ಆದರೆ ಕಾಯಿಲೆ ಹೋಗಲಿಲ್ಲ.

ಮೂರನೇ ಸಲ ಒಬ್ಬ ಒಳ್ಳೇ ಮೆಕ್ಯಾನಿಕ್ಕನ್ನೇ ಕರೆಸಿದೆ, ಗಾಡಿ ಬಿಸಿಯಾಗಿ ನಿಂತಿದ್ದ ಜಾಗಕ್ಕೇ. ಅವರು ಬಂದು ಬಾನೆಟ್ ಎತ್ತಿ, ಒಂದು ಗೋಣಿ ಬಟ್ಟೆ ಒದ್ದೆ ಮಾಡಿ ಡೀಸೆಲ್ ಪಂಪಿನ ತಲೆ ಮೇಲೆ ಹಾಕಿದರು. ಹತ್ತು ನಿಮಿಷ ಬಿಟ್ಟು "ಹೊಡಿಯಪ್ಪ ಸೆಲ್ಫ್" ಅಂದರು. ಒಂದೇ ಸಲಕ್ಕೆ ಸ್ಟಾರ್ಟ್!

"ನೋಡಿದ್ಯಾ? ಪಂಪು ಸವೆದಿದೆ. ಹೆಡ್ ಬದಲಾಯಿಸಬೇಕು. 30 ಸಾವಿರ ದಾಟುತ್ತೆ" ಅಂದರು.

ಈ ಒದ್ದೆ ಬಟ್ಟೆ ಪರೀಕ್ಷೆ ಸುಳ್ಳಲ್ಲ. ಪಂಪಿನ ಒಳಗಿನ ಭಾಗ ಸವೆದಿದ್ದರೆ, ಬಿಸಿಯಾದ ಡೀಸೆಲ್ ತೆಳ್ಳಗಾಗಿ ಆ ಸಂದಿಯಲ್ಲೇ ಸೋರಿಹೋಗುತ್ತೆ. ಸೆಲ್ಫ್ ತಿರುಗಿಸುವ ನಿಧಾನ ವೇಗಕ್ಕೆ ನಾಜಲ್ ತೆರೆಯುವಷ್ಟು ಒತ್ತಡ ಏಳೋದಿಲ್ಲ. ಪಂಪು ತಣ್ಣಗಾದರೆ ಡೀಸೆಲ್ ಮತ್ತೆ ದಪ್ಪ ಆಗಿ ಒತ್ತಡ ಏಳುತ್ತೆ. ಹಳೇ ಪಂಪುಗಳಲ್ಲಿ ಇದು ನಿಜವಾಗಿ ಆಗುವ ತೊಂದರೆ. ಹಾಗಾಗಿ ಮೆಕ್ಯಾನಿಕ್ ಮೋಸ ಮಾಡಲಿಲ್ಲ. ಆದರೆ ಆ ಪರೀಕ್ಷೆಯಲ್ಲಿ ಒಂದು ತೂತು ಇದೆ, ಅದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮನೆಯಲ್ಲಿ ಲೆಕ್ಕ ಶುರುವಾಯ್ತು. "ಇಷ್ಟು ಹಳೇ ಗಾಡಿಗೆ 30 ಸಾವಿರ ಹಾಕೋದು ಬೇಡ, ಮಾರಿ ಹೊಸದು ತಗೊಳ್ಳೋಣ" ಅಂದರು ಅಪ್ಪ. ಷೋರೂಮಿನಲ್ಲಿ ವಿಚಾರಿಸಿದರೆ, ಹಳೇದನ್ನ ಕೊಟ್ಟ ಮೇಲೂ ತಿಂಗಳಿಗೆ 16 ಸಾವಿರದ ಆಸುಪಾಸು ಕಂತು, 5 ವರ್ಷ. ಟೊಮೆಟೊ ರೇಟು ಯಾವ ತಿಂಗಳು ಎಷ್ಟಿರುತ್ತೆ ಅಂತ ಯಾರಿಗೆ ಗೊತ್ತು? ಆ ಸಾಲದ ಮಾತು ಕೇಳಿ ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

"ಹೊಗೆ ಬರ್ತಿತ್ತಾ?"

ಕೊನೇದಾಗಿ ಒಬ್ಬರನ್ನು ಕೇಳೋಣ ಅಂತ ಪೇಟೆಯಲ್ಲಿ ಗಾಡಿ ಕರೆಂಟ್ ಕೆಲಸ ಮಾಡುವ ಚಾಚಾ ಹತ್ತಿರ ಹೋದೆ. ಟ್ರ್ಯಾಕ್ಟರ್, ಲಾರಿ ಎಲ್ಲ ನೋಡಿ ನೋಡಿ ಪಳಗಿದ ಕೈ ಅವರದ್ದು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಸೆಲ್ಫ್ ಹೊಡೆಯುವಾಗ ಸೈಲೆನ್ಸರಲ್ಲಿ ಹೊಗೆ ಬರ್ತಿತ್ತಾ?"

ನನಗೆ ಗೊತ್ತಿರಲಿಲ್ಲ. ನಾನು ಯಾವಾಗಲೂ ಸೀಟಿನಲ್ಲೇ ಕೂತಿರ್ತೀನಲ್ಲ. ಆಗ ತಮ್ಮ ತೆಗೆದ ವಿಡಿಯೋ ನೆನಪಾಯ್ತು. ತೆಗೆದು ತೋರಿಸಿದೆ. ಸೆಲ್ಫಿನ ಸದ್ದು ಚೆನ್ನಾಗಿ ಕೇಳ್ತಿದೆ, ಸೈಲೆನ್ಸರ್ ಕೂಡ ಕಾಣ್ತಿದೆ. ಒಂದು ಎಳೆ ಹೊಗೆಯೂ ಇಲ್ಲ.

"ಪಂಪು ಸವೆದಿದ್ರೆ ಸ್ವಲ್ಪನಾದ್ರೂ ಡೀಸೆಲ್ ಒಳಗೆ ಹೋಗುತ್ತೆ ಬೇಟಾ. ಅರೆಬರೆ ಉರಿದು ಬಿಳಿ ಹೊಗೆ ಬರುತ್ತೆ. ನಿನ್ನ ಗಾಡಿಗೆ ಒಂದು ಹನಿನೂ ಹೋಗ್ತಿಲ್ಲ. ತಳ್ಳಿದ್ರೂ ಆಗಲಿಲ್ಲ ಅಂತೀಯ. ಮೊದಲು ಸೊಲೆನಾಯ್ಡ್ ನೋಡು" ಅಂದರು.

ಹಳೇ ಡೀಸೆಲ್ ಪಂಪಿನ ಮೇಲೆ ಹೆಬ್ಬೆರಳು ಗಾತ್ರದ ಒಂದು ಡಬ್ಬಿ ಇರುತ್ತೆ, ತಲೆ ಮೇಲೆ ಒಂದೇ ವೈರು. ಅದೇ ಡೀಸೆಲ್ ನಿಲ್ಲಿಸುವ ಸೊಲೆನಾಯ್ಡ್. ಕೀ ಆನ್ ಮಾಡಿದಾಗ ಅದಕ್ಕೆ 12 ವೋಲ್ಟ್ ಕರೆಂಟ್ ಬರುತ್ತೆ, ಒಳಗಿನ ಸುರುಳಿ ಅಯಸ್ಕಾಂತ ಆಗಿ ಒಂದು ಸಣ್ಣ ಕಡ್ಡಿಯನ್ನು ಮೇಲಕ್ಕೆ ಎಳೆಯುತ್ತೆ, ಡೀಸೆಲಿಗೆ ದಾರಿ ಬಿಡುತ್ತೆ. ಕೀ ಆಫ್ ಮಾಡಿದರೆ ಕಡ್ಡಿ ಕೆಳಗೆ ಬಿದ್ದು ಡೀಸೆಲ್ ಬಂದ್, ಇಂಜಿನ್ ಬಂದ್. ಕಡ್ಡಿ ಏಳದಿದ್ದರೆ ಸೆಲ್ಫ್ ಹೊಡೆದರೂ ಅಷ್ಟೇ, ಊರೆಲ್ಲ ಸೇರಿ ತಳ್ಳಿದರೂ ಅಷ್ಟೇ.

ಈಗ ಒದ್ದೆ ಬಟ್ಟೆಯ ತೂತು ಅರ್ಥ ಆಯ್ತಲ್ಲ? ಸೊಲೆನಾಯ್ಡ್ ಕೂತಿರೋದು ಪಂಪಿನ ಮೇಲೇ. ಬಟ್ಟೆ ಹಾಕಿದಾಗ ಪಂಪು ತಣ್ಣಗಾಯ್ತು, ಜೊತೆಗೆ ಸೊಲೆನಾಯ್ಡೂ ತಣ್ಣಗಾಯ್ತು. ಯಾವುದು ತಣ್ಣಗಾಗಿದ್ದಕ್ಕೆ ಗಾಡಿ ಸ್ಟಾರ್ಟ್ ಆಯ್ತು ಅಂತ ಆ ಪರೀಕ್ಷೆ ಹೇಳಲ್ಲ.

ಆಫ್ ಮಾಡಿದ ಮೇಲೆ ಯಾಕೆ ಜಾಸ್ತಿ ಬಿಸಿ?

ಗಾಡಿ ಓಡುವಾಗ ಗಾಳಿ ಹೊಡೆಯುತ್ತೆ, ಫ್ಯಾನ್ ತಿರುಗುತ್ತೆ, ರೇಡಿಯೇಟರ್ ನೀರು ಹರಿಯುತ್ತೆ. ಪಂಪಿನೊಳಗೆ ಹರಿಯುವ ಡೀಸೆಲ್ಲೂ ಪಂಪನ್ನು ತಂಪು ಮಾಡ್ತಿರುತ್ತೆ. ಇಂಜಿನ್ ಆಫ್ ಮಾಡಿದ ಕ್ಷಣ ಇದೆಲ್ಲ ನಿಲ್ಲುತ್ತೆ. ಆದರೆ ಇಂಜಿನ್ನಿನ ಕಬ್ಬಿಣ ಇನ್ನೂ ಸುಡ್ತಿರುತ್ತೆ. ಆ ಶಾಖ ಸುತ್ತಲಿನ ಪಂಪು, ವೈರು, ಸೆಲ್ಫ್ ಮೋಟರಿಗೆ ಹತ್ತುತ್ತೆ. ಅದಕ್ಕೇ ಆಫ್ ಮಾಡಿ ತಕ್ಷಣ ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತೆ, ಕಾಲು ಗಂಟೆ ಬಿಟ್ಟು ತಿರುಗಿಸಿದರೆ ಆಗಲ್ಲ, ಗಂಟೆ ಬಿಟ್ಟರೆ ಮತ್ತೆ ಆಗುತ್ತೆ.

ಈ ಲೆಕ್ಕದಿಂದ ಒಂದು ಪಾಠ ಇದೆ. ಪರೀಕ್ಷೆ ಮಾಡಬೇಕಾದ್ದು ಆ ಕೆಟ್ಟ ಇಪ್ಪತ್ತು ನಿಮಿಷದಲ್ಲೇ. ತಣ್ಣಗಾದ ಮೇಲೆ ಅಳೆದರೆ ಎಲ್ಲ ಸರಿ ಇದೆ ಅಂತಲೇ ತೋರಿಸುತ್ತೆ. ಬೇಕಂತಲೇ ಗಾಡಿ ಓಡಿಸಿ, ಬಿಸಿ ಮಾಡಿ, ಮನೆ ಮುಂದೆ ನಿಲ್ಲಿಸಿ, 15 ನಿಮಿಷ ಕಾದು ಕೆಲಸ ಶುರು ಮಾಡಿ. ಮೀಟರ್, ವೈರು, ಪಾನಾ ಎಲ್ಲ ಮೊದಲೇ ಪಕ್ಕದಲ್ಲಿ ಇಟ್ಕೊಳ್ಳಿ.

ನಾನು ಮಾಡಿದ ಪರೀಕ್ಷೆ, ಹೆಜ್ಜೆ ಹೆಜ್ಜೆಯಾಗಿ

ಮೊದಲು ಸುರಕ್ಷತೆ. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟಿರಬೇಕು. ಲುಂಗಿ, ಟವಲ್ಲು, ಸಡಿಲ ತೋಳು ಫ್ಯಾನ್ ಬೆಲ್ಟಿನ ಹತ್ತಿರ ಬೇಡ.

1. ಸದ್ದು ಕೇಳಿದೆ. ತಮ್ಮ ಒಳಗೆ ಕೂತು ಕೀ ಆನ್, ಆಫ್ ಮಾಡಿದ, ಸೆಲ್ಫ್ ಹೊಡೆಯದೆ. ನಾನು ಸೊಲೆನಾಯ್ಡ್ ಮೇಲೆ ಬೆರಳಿಟ್ಟೆ. ಬಿಸಿ ಇರುತ್ತೆ, ಬಟ್ಟೆ ಸುತ್ತಿಕೊಳ್ಳಿ. ತಣ್ಣಗಿದ್ದಾಗ ಪ್ರತಿ ಸಲ "ಟಿಕ್" ಅಂತಿದ್ದದ್ದು ಬಿಸಿಯಲ್ಲಿ ಅನ್ನಲೇ ಇಲ್ಲ. ಇಂಜಿನ್ ಓಡದೆ ಇರೋದ್ರಿಂದ ಈ ಸದ್ದು ಕಿವಿಗೇ ಕೇಳುತ್ತೆ.

2. ವೋಲ್ಟ್ ಅಳೆದೆ. 350 ರೂಪಾಯಿಯ ಮಲ್ಟಿಮೀಟರ್, ಡಿಸಿ 20 ವೋಲ್ಟಿಗೆ ಇಟ್ಟೆ. ಕೀ ಆನ್. ಕಪ್ಪು ಕಡ್ಡಿ ಬ್ಯಾಟರಿ ಮೈನಸ್‌ಗೆ, ಕೆಂಪು ಕಡ್ಡಿ ಬ್ಯಾಟರಿ ಪ್ಲಸ್‌ಗೆ: 12.4. ಅದೇ ಕೆಂಪು ಕಡ್ಡಿ ಸೊಲೆನಾಯ್ಡ್ ತಲೆಗೆ: 9.4. ನಡುವೆ 3 ವೋಲ್ಟ್ ಎಲ್ಲೋ ಕಳೆದುಹೋಗಿದೆ!

ಇಲ್ಲಿ ಒಂದು ಎಚ್ಚರ. ಸೊಲೆನಾಯ್ಡಿನ ವೈರು ಕಳಚಿ, ಬರೀ ವೈರಿನ ತುದಿಯಲ್ಲಿ ಅಳೆದರೆ ಪೂರ್ತಿ 12 ತೋರಿಸಿ ಮೀಟರ್ ನಿಮ್ಮನ್ನು ಯಾಮಾರಿಸುತ್ತೆ. ಕೆಟ್ಟ ಜಾಯಿಂಟ್ ತನ್ನ ಬಣ್ಣ ತೋರಿಸೋದು ಕರೆಂಟ್ ಹರಿಯುವಾಗ ಮಾತ್ರ. ಹನಿ ನೀರಾವರಿ ಪೈಪಿನ ಕೊನೆ ಮುಚ್ಚಿದ್ದರೆ ಎಲ್ಲೆಲ್ಲೂ ಪ್ರೆಶರ್ ಇದ್ದ ಹಾಗೆ ಕಾಣುತ್ತೆ, ವಾಲ್ವ್ ಬಿಟ್ಟಾಗಲೇ ಎಲ್ಲಿ ಕಟ್ಟಿದೆ ಅಂತ ಗೊತ್ತಾಗೋದು. ಇದೂ ಹಾಗೇ. ವೈರು ಸಿಕ್ಕಿಸಿದ್ದಾಗಲೇ ಅಳೆಯಿರಿ.

3. ನೇರ ವೈರು ಕೊಟ್ಟೆ. ತೀರ್ಪು ಹೇಳಿದ ಪರೀಕ್ಷೆ ಇದು. ಸೊಲೆನಾಯ್ಡಿನ ಹಳೇ ವೈರು ಕಳಚಿ, ಅದರ ತುದಿಗೆ ಟೇಪ್ ಸುತ್ತಿ ಪಕ್ಕಕ್ಕಿಟ್ಟೆ. ಬ್ಯಾಟರಿ ಪ್ಲಸ್‌ನಿಂದ 10 ಆಂಪ್ ಫ್ಯೂಸ್ ಹಾಕಿದ ಬೇರೆ ವೈರು ತಂದು ಸೊಲೆನಾಯ್ಡಿಗೆ ಮುಟ್ಟಿಸಿದೆ. ಟಿಕ್! ಕ್ಲಿಪ್ ಹಾಕಿ "ಹೊಡಿಯೋ" ಅಂದೆ. ಎರಡು ಸುತ್ತಿಗೆ ಇಂಜಿನ್ ಸ್ಟಾರ್ಟ್.

ಪಂಪು ಇನ್ನೂ ಕೈ ಸುಡುವಷ್ಟು ಬಿಸಿ ಇತ್ತು. ಒದ್ದೆ ಬಟ್ಟೆ ಹಾಕಿರಲಿಲ್ಲ, ಕಾದಿರಲಿಲ್ಲ. ಆ ಬಿಸಿ ಪಂಪಿನಲ್ಲೇ ಇಂಜಿನ್ ಹಿಡಿಯಿತು ಅಂದ್ರೆ 30 ಸಾವಿರದ ಪಂಪಿನ ಕೆಲಸ ಬೇಡ ಅಂತ ಅಲ್ಲೇ ಗೊತ್ತಾಯ್ತು. ಹೀಗೆ ನೇರ ವೈರು ಕೊಟ್ಟಾಗ ಕೀ ಆಫ್ ಮಾಡಿದರೂ ಇಂಜಿನ್ ನಿಲ್ಲಲ್ಲ, ವೈರು ಕಿತ್ತರೆ ನಿಲ್ಲುತ್ತೆ. ಅದು ಗೊತ್ತಿರಲಿ, ಗಾಬರಿ ಆಗಬೇಡಿ. ಹೀಗೇ ಬಿಟ್ಟು ರಸ್ತೆಗೆ ಇಳಿಯಲೂ ಬೇಡಿ.

ತಪ್ಪು ನನ್ನ ಕೈದೇ

ಸೊಲೆನಾಯ್ಡಿಂದ ಹಳೇ ವೈರು ಹಿಡಿದು ಹಿಂದಕ್ಕೆ ಹೋದೆ. ಕ್ಯಾಬಿನ್ ಗೋಡೆಯ ಹತ್ತಿರ, ಇಂಜಿನ್ನಿನ ಶಾಖ ಹೊಡೆಯೋ ಜಾಗದಲ್ಲಿ, ಕರಿ ಟೇಪ್ ಸುತ್ತಿದ ಒಂದು ಗಂಟು. ಟೇಪಿನ ಅಂಟು ಕರಗಿ ಜಿಗಿಜಿಗಿ ಆಗಿತ್ತು. ಬಿಚ್ಚಿದರೆ ತಾಮ್ರ ಹಸಿರು ಹಿಡಿದು, ಒಂದು ಕಡೆ ಕಪ್ಪಾಗಿ, ಎಳೆಗಳಲ್ಲಿ ಅರ್ಧ ಮುರಿದಿದ್ದವು.

ಎರಡು ವರ್ಷದ ಹಿಂದೆ ರಾತ್ರಿ ಮಂಡಿಗೆ ಹೋಗಲು ಮುಂದೆ ಎಲ್‌ಇಡಿ ಲೈಟ್ ಹಾಕಿದ್ದೆ. ಕೀ ಆನ್ ಮಾಡಿದಾಗ ಕರೆಂಟ್ ಬರೋ ವೈರು ಯಾವುದು ಅಂತ ಹುಡುಕಿ, ಸುಲಭಕ್ಕೆ ಸಿಕ್ಕಿದ್ದು ಇದೇ. ಬ್ಲೇಡಲ್ಲಿ ಸಿಪ್ಪೆ ಕೆರೆದು, ತಿರುಚಿ, ಟೇಪ್ ಸುತ್ತಿಬಿಟ್ಟೆ. ಹತ್ತು ನಿಮಿಷದ ಕೆಲಸ. ಬ್ಯಾಟರಿಗೆ 6,500, ಮಂಡಿಯಲ್ಲಿ 4,800, ಆಮೇಲೆ ಸುಮ್ಮನೆ ಉರಿದ ಡೀಸೆಲ್, ಎಲ್ಲವೂ ಆ ಹತ್ತು ನಿಮಿಷದ ಲೆಕ್ಕಕ್ಕೇ ಬಂತು.

ಹಾಗಾದ್ರೆ ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗ್ತಿತ್ತು? ಚಾಚಾ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದರು. ತಾಮ್ರದ ಸುರುಳಿ ಬಿಸಿಯಾದ ಹಾಗೆ ಅದರ ರೆಸಿಸ್ಟೆನ್ಸ್ ಏರುತ್ತೆ. 60 ಡಿಗ್ರಿ ಬಿಸಿ ಏರಿದರೆ ಹೆಚ್ಚುಕಡಿಮೆ ಕಾಲು ಭಾಗ ಏರುತ್ತೆ, ಹರಿಯೋ ಕರೆಂಟು ಐದರಲ್ಲಿ ಒಂದು ಪಾಲು ಇಳಿಯುತ್ತೆ. ಅದಷ್ಟೇ ಆಗಿದ್ದರೆ ಸೊಲೆನಾಯ್ಡ್ ತಡೆದುಕೊಳ್ತಿತ್ತು. ಆದರೆ ಜಾಯಿಂಟ್ ಆಗಲೇ 12.4ರಲ್ಲಿ 3 ವೋಲ್ಟ್ ತಿಂದಿತ್ತು. ಎರಡೂ ಸೇರಿದಾಗ ನೂರು ಪಾಲು ಇರಬೇಕಾದ ಶಕ್ತಿ ಅರವತ್ತರ ಆಸುಪಾಸಿಗೆ ಬಂತು, ಕಡ್ಡಿ ಏಳಲಿಲ್ಲ. ತಣ್ಣಗಿದ್ದಾಗ ಒಂದೇ ತೊಂದರೆ, ಹೇಗೋ ನಡೀತಿತ್ತು. ಬಿಸಿಯಲ್ಲಿ ಎರಡು ತೊಂದರೆ.

ಓಡುವಾಗ ಇಂಜಿನ್ ಯಾಕೆ ನಿಲ್ತಿರಲಿಲ್ಲ ಅಂದ್ರೆ, ಬಿದ್ದಿರುವ ಕಡ್ಡಿಯನ್ನು ಎತ್ತೋದಕ್ಕೆ ಜಾಸ್ತಿ ಶಕ್ತಿ ಬೇಕು, ಎತ್ತಿದ್ದನ್ನು ಹಿಡಿದುಕೊಂಡಿರೋದಕ್ಕೆ ಕಡಿಮೆ ಸಾಕು. ಜೊತೆಗೆ ಓಡುವಾಗ ಆಲ್ಟರ್ನೇಟರ್ ಚಾರ್ಜ್ ಮಾಡ್ತಿರುತ್ತೆ, ವೋಲ್ಟ್ ಕೂಡ ಜಾಸ್ತಿ.

ರಿಪೇರಿ ಹೀಗೆ ಮಾಡಿದೆವು. ಕೆಟ್ಟ ಭಾಗ ಕತ್ತರಿಸಿ ಹೊಸ ವೈರು, ಒತ್ತಿ ಕೂರಿಸುವ ಲಗ್ಗು, ಮೇಲೆ ಬಿಸಿ ಮಾಡಿದರೆ ಬಿಗಿಯಾಗುವ ಸ್ಲೀವ್. ಎಲ್‌ಇಡಿ ಲೈಟಿಗೆ ಬ್ಯಾಟರಿಯಿಂದಲೇ ಬೇರೆ ಲೈನು, ಫ್ಯೂಸು, ರಿಲೇ. ಚಾಚಾ ಕೂಲಿಯೂ ಸೇರಿ 650 ರೂಪಾಯಿ. ಮತ್ತೆ ಬಿಸಿಯಲ್ಲಿ ಅಳೆದೆ: ಸೊಲೆನಾಯ್ಡ್ ತಲೆಯಲ್ಲಿ 12.1. ಆಮೇಲೆ ಐದು ದಿನ ಲೋಡು ಹೊತ್ತು ಹೋಗಿ, ಬೇಕಂತಲೇ 15 ನಿಮಿಷ ಆಫ್ ಮಾಡಿ ಸ್ಟಾರ್ಟ್ ಮಾಡಿದೆ. ಐದೂ ದಿನ ಹಿಡಿಯಿತು. ಆಮೇಲೇ ಅಪ್ಪನಿಗೆ "ಗಾಡಿ ಮಾರೋದು ಬೇಡ" ಅಂತ ಹೇಳಿದ್ದು.

ನಿಮ್ಮ ಗಾಡಿಯಲ್ಲಿ ಕಾರಣ ಬೇರೆ ಇರಬಹುದು

ನನ್ನದು ಜಾಯಿಂಟ್ ಅಂತ ನಿಮ್ಮದೂ ಜಾಯಿಂಟೇ ಆಗಬೇಕಿಲ್ಲ. ಆದರೆ ಹುಡುಕುವ ದಾರಿ ಒಂದೇ. ಬಿಸಿಯಲ್ಲಿ ನಿಂತಾಗ ಈ ಕ್ರಮದಲ್ಲಿ ನೋಡಿ.

ಸೆಲ್ಫ್ ನಿಧಾನ ತಿರುಗ್ತಿದೆ, ಅಥವಾ "ಟಕ್" ಅಂದು ಸುಮ್ಮನಾಗ್ತಿದೆ: ಡೀಸೆಲ್ ಕಡೆ ಹೋಗಬೇಡಿ, ಇದು ಕರೆಂಟಿನ ಕಡೆಯ ತೊಂದರೆ. ಸೆಲ್ಫ್ ಹೊಡೆಯುತ್ತಿರುವಾಗಲೇ ಬ್ಯಾಟರಿ ಅಳೆಯಿರಿ. 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ, ಇಲ್ಲಾ ಸೆಲ್ಫ್ ಮೋಟರ್ ವಿಪರೀತ ಕರೆಂಟ್ ಎಳೀತಿದೆ. ಬ್ಯಾಟರಿ ಸರಿ ಇದ್ದರೆ, ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ನಿನ ಬರೀ ಕಬ್ಬಿಣಕ್ಕೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದಿದೆ ಅಥವಾ ಸಡಿಲ ಇದೆ. ಅದೇ ರೀತಿ ಬ್ಯಾಟರಿ ಪ್ಲಸ್‌ನಿಂದ ಸೆಲ್ಫಿನ ದಪ್ಪ ಬೋಲ್ಟಿಗೂ ನೋಡಿ. ಎಲ್ಲ ಸರಿ ಇದ್ದೂ ಬಿಸಿಯಲ್ಲಿ ಮಾತ್ರ ನಿಧಾನ ಅಂದ್ರೆ ಸೆಲ್ಫಿನ ಬುಷ್, ಕಾರ್ಬನ್ ಸವೆದಿರಬಹುದು. ಸೆಲ್ಫ್ ಬಿಚ್ಚಿಸುವ ಸರದಿ ಆಗ ಬರುತ್ತೆ, ಅದಕ್ಕೂ ಮೊದಲು ಅಲ್ಲ.

ಸೆಲ್ಫ್ ಜೋರಾಗಿದೆ, ಹೊಗೆ ಸ್ವಲ್ಪವೂ ಇಲ್ಲ: ಡೀಸೆಲ್ ಹೋಗ್ತಿಲ್ಲ. ಮೊದಲು ಟಿಕ್ ಸದ್ದು. ಟಿಕ್ ಇಲ್ಲದಿದ್ದರೆ ವೋಲ್ಟ್. ವೋಲ್ಟ್ ಪೂರ್ತಿ ಬರ್ತಿದ್ದೂ ಟಿಕ್ ಇಲ್ಲ ಅಂದ್ರೆ ಸೊಲೆನಾಯ್ಡೇ ಹೋಗಿದೆ. ವೋಲ್ಟ್ ಕಡಿಮೆ ಇದ್ದರೆ ಫ್ಯೂಸು, ಕೀ ಸ್ವಿಚ್ಚು, ಜಾಯಿಂಟ್. ಟಿಕ್ ಬರ್ತಿದ್ದರೆ ಡೀಸೆಲ್ ಲೈನಿನಲ್ಲಿ ಏರ್ ಹಿಡಿದಿದೆಯಾ ನೋಡಿ. ಕೈ ಪಂಪು ಒತ್ತಿದಾಗ ಗಟ್ಟಿಯಾಗಿ ಆಮೇಲೆ ಸ್ಟಾರ್ಟ್ ಆದರೆ ಏರ್ ಅನುಮಾನ. ಫಿಲ್ಟರಿಗೂ ಪಂಪಿಗೂ ನಡುವೆ ಡೀಸೆಲ್ಲಿಗೆ ತಡೆಯುವ ಪಾರದರ್ಶಕ ಪೈಪ್ ಹಾಕಿ ನೋಡಿದರೆ ಗುಳ್ಳೆ ಕಣ್ಣಿಗೇ ಕಾಣುತ್ತೆ. ಟ್ಯಾಂಕ್ ಮುಚ್ಚಳ ಸಡಿಲ ಮಾಡಿದಾಗ "ಸುಸ್" ಅಂತ ಗಾಳಿ ಒಳಗೆ ಎಳೆದುಕೊಂಡರೆ ಅದರ ಗಾಳಿ ತೂತು ಕಟ್ಟಿದೆ. ಇಂಜಿನ್ ನಿಲ್ಲಿಸಲು ಕೇಬಲ್ ಎಳೆಯುವ ಗಾಡಿಯಾದರೆ, ಕೇಬಲ್ ಪೂರ್ತಿ ಹಿಂದಕ್ಕೆ ಹೋಗಿದೆಯಾ ಅಂತ ನೋಡಿ.

ಸೆಲ್ಫ್ ಜೋರಾಗಿದೆ, ಬಿಳಿ ಹೊಗೆ ಬರುತ್ತೆ, ಹಿಡಿಯಲ್ಲ: ಟಿಕ್ ಸರಿ ಇದೆ, ಏರ್ ಇಲ್ಲ ಅಂತ ಖಾತ್ರಿ ಆದ ಮೇಲೆ ಒದ್ದೆ ಬಟ್ಟೆ ಪರೀಕ್ಷೆ ಮಾಡಿ. ಆಗ ಸ್ಟಾರ್ಟ್ ಆದರೆ ಪಂಪು ಸವೆದಿರುವ ಸಾಧ್ಯತೆ ನಿಜವಾಗಿ ಜಾಸ್ತಿ. ಬಕೆಟ್ಟಲ್ಲಿ ನೀರು ಸುರಿಯಬೇಡಿ, ಒದ್ದೆ ಬಟ್ಟೆ ಸಾಕು. ಇಂಜಿನ್ ನಿಂತಿರಬೇಕು. ಆಲ್ಟರ್ನೇಟರ್, ಸೆಲ್ಫ್ ಮೇಲೆ ನೀರು ಬೀಳಬಾರದು.

ಹೀಟರ್ ಪ್ಲಗ್ ಬದಲಾಯಿಸಿ ಅಂತ ಯಾರಾದ್ರೂ ಹೇಳಿದರೆ ತಡೀರಿ. ಅದರ ಕೆಲಸ ತಣ್ಣಗಿರೋ ಇಂಜಿನ್ನಿಗೆ. ಬಿಸಿಯಲ್ಲಿ ಸ್ಟಾರ್ಟ್ ಆಗದ ಗಾಡಿಗೆ ಅದರಿಂದ ಉಪಯೋಗ ಇಲ್ಲ.

ಕಾಮನ್ ರೇಲ್ ಗಾಡಿಯಾದರೆ ದಾರಿ ಬೇರೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಕಡ್ಡಾಯ ಆದ ಮೇಲಿನ ಡೀಸೆಲ್ ಪಿಕಪ್‌ಗಳಲ್ಲಿ ಈ ಹಳೇ ಪಂಪು ಇಲ್ಲ, ಅದಕ್ಕೂ ಹಿಂದಿನ ಎಷ್ಟೋ ಗಾಡಿಗಳಲ್ಲೂ ಇಲ್ಲ. ಅವುಗಳಲ್ಲಿ ಬಿಸಿಯಾದಾಗ ಕೈಕೊಡುವ ಕ್ರ್ಯಾಂಕ್ ಸೆನ್ಸರ್, ಇಂಜೆಕ್ಟರಿಂದ ಡೀಸೆಲ್ ಜಾಸ್ತಿ ವಾಪಸ್ ಹೋಗೋದು, ರೇಲ್ ಒತ್ತಡ ಏಳದೆ ಇರೋದು ಸಾಮಾನ್ಯ ಕಾರಣಗಳು. ಸ್ಕ್ಯಾನರ್ ಇರುವವರ ಹತ್ತಿರವೇ ಹೋಗಿ, ಬಿಸಿಯಲ್ಲಿ ಸ್ಟಾರ್ಟ್ ಆಗದಿರುವಾಗಲೇ ಓದಿಸಿ. ಕಾಮನ್ ರೇಲ್ ಪೈಪುಗಳಿಗೆ ಮಾತ್ರ ನೀವು ಪಾನಾ ಹಾಕಬೇಡಿ. ಇಂಜಿನ್ ಓಡುವಾಗ ಅದರಲ್ಲಿ 1,000 ಬಾರ್ ದಾಟಿದ ಒತ್ತಡ ಇರುತ್ತೆ. ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತೆ, ಕೈಯೇ ಕಳೆದುಕೊಳ್ಳಬೇಕಾಗಬಹುದು.

ಮೊಬೈಲ್ ನಿಮ್ಮ ಸಾಕ್ಷಿ

ಬಿಸಿಯಲ್ಲಿ ಗಾಡಿ ನಿಂತಾಗ ಮೂರು ವಿಡಿಯೋ ತೆಗೆದಿಡಿ. ಒಂದು, ಸೆಲ್ಫ್ ಹೊಡೆಯುವ ಸದ್ದು, ಬಾನೆಟ್ ಎತ್ತಿ. ಎರಡು, ಅದೇ ಹೊತ್ತಿಗೆ ಸೈಲೆನ್ಸರ್ ಬಾಯಿ. ಮೂರು, ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಆಗುವ ಸದ್ದು, ಹೋಲಿಸಿ ನೋಡೋಕೆ. ಜೊತೆಗೆ ಎಷ್ಟು ಕಿಲೋಮೀಟರ್ ಓಡಿತ್ತು, ಆಫ್ ಮಾಡಿ ಎಷ್ಟು ನಿಮಿಷ ಆಗಿತ್ತು, ಎಷ್ಟು ಹೊತ್ತಿಗೆ ಮತ್ತೆ ಸ್ಟಾರ್ಟ್ ಆಯ್ತು ಅಂತ ಬರೆದಿಡಿ. ಇಷ್ಟು ಇಟ್ಕೊಂಡು ಹೋದರೆ ಮೆಕ್ಯಾನಿಕ್ಕಿಗೂ ಊಹೆ ಮಾಡುವ ಕಷ್ಟ ಇಲ್ಲ. "ಅಣ್ಣಾ, ಯಾವ ಪರೀಕ್ಷೆ ಮೇಲೆ ಈ ಸಾಮಾನು ಹೋಗಿದೆ ಅಂತೀರಾ?" ಅಂತ ಮರ್ಯಾದೆಯಿಂದಲೇ ಕೇಳಿ. ಕೆಲಸ ಗೊತ್ತಿರುವವರು ಖುಷಿಯಿಂದ ಹೇಳ್ತಾರೆ.

ಇವು ಬೇಡವೇ ಬೇಡ

ಒಂದೇ ಸಮನೆ ಸೆಲ್ಫ್ ಹೊಡೀಬೇಡಿ. ಒಂದು ಸಲಕ್ಕೆ 10 ಸೆಕೆಂಡ್ ಮೀರದಿರಲಿ, ನಡುವೆ ಒಂದು ನಿಮಿಷ ಬಿಡಿ. ಇಲ್ಲದಿದ್ದರೆ ಸರಿ ಇರೋ ಸೆಲ್ಫೂ ಸುಟ್ಟುಹೋಗುತ್ತೆ. ಏರ್ ಫಿಲ್ಟರಿಗೆ ಪೆಟ್ರೋಲ್ ಅಥವಾ ಸ್ಟಾರ್ಟ್ ಮಾಡುವ ಸ್ಪ್ರೇ ಹಾಕಬೇಡಿ. ಬಿಸಿ ಡೀಸೆಲ್ ಇಂಜಿನ್ನಿಗೆ ಅದು ಸುತ್ತಿಗೆ ಏಟು ಕೊಟ್ಟ ಹಾಗೆ, ಬೆಂಕಿಯ ಅಪಾಯ ಬೇರೆ. ಲೋಡಿರುವ ಗಾಡಿಯನ್ನು ಇಳಿಜಾರಲ್ಲಿ ತಳ್ಳಿ ಸ್ಟಾರ್ಟ್ ಮಾಡೋಕೆ ಹೋಗಬೇಡಿ. ಇಂಜಿನ್ ಹಿಡಿಯದಿದ್ದರೆ ಬ್ರೇಕಿಗೂ ಇಂಜಿನ್ನಿನ ಸಹಾಯ ಇರಲ್ಲ, ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತೆ.

ನಮ್ಮ ಗಾಡಿ ಹಳೇದೇ. ಒಂದು ದಿನ ಪಂಪೂ ಸವೆಯುತ್ತೆ, ಆವತ್ತು ಖರ್ಚು ಮಾಡ್ತೀವಿ ಅಥವಾ ಮಾರ್ತೀವಿ. ಆದರೆ ಆ ತೀರ್ಮಾನ ಅಳೆದು ನೋಡಿ ಮಾಡಿದ್ದಾಗಿರಬೇಕು, ಮಂಡಿ ಗೇಟಲ್ಲಿ ಆದ ಅವಮಾನಕ್ಕೆ ಮಾಡಿದ್ದಾಗಿರಬಾರದು. ಅಪ್ಪ ಈಗ ಟೀ ಅಂಗಡಿ ಮುಂದೆ ಗಾಡಿ ಆಫ್ ಮಾಡೇ ಇಳಿಯೋದು. ವಾಪಸ್ ಬಂದು ಕೀ ಆನ್ ಮಾಡಿದಾಗ ಒಂದು ಕ್ಷಣ ಕಿವಿ ಕೊಟ್ಟು ಕೇಳ್ತಾರೆ. ಟಿಕ್ ಅಂದ ಮೇಲೇ ಸೆಲ್ಫ್ ಹೊಡೀತಾರೆ.